ಕಾಮಾಕ್ಷಿಪಾಳ್ಯದಿಂದ ದೆಹಲಿಗೆ ಎಷ್ಟು ದೂರ, ಎಷ್ಟು ಹೊತ್ತು?

ಬೆಂಗಳೂರಿನಿಂದ ದೆಹಲಿಗೆ ಎಷ್ಟು ದೂರವೆಂದು ಕೇಳಿದರೆ ರೈಲಿನಲ್ಲಿ ಹೋಗಿಬಂದವರು ಒಂದು ಅಂಕಿಯನ್ನು ಹೇಳುತ್ತಾರೆ. ಲಾರಿ ನಡೆಸುವವರು ಇನ್ನೊಂದನ್ನು ಹೇಳುತ್ತಾರೆ. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡುವ ಶಾಲೆಯ ಹುಡುಗ ಮೂರನೆಯದೊಂದನ್ನು ಹೇಳುತ್ತಾನೆ. ಮೂವರ ಮಾತೂ ನಿಜವೇ. ರೈಲಿನ ದಾರಿ ಸುಮಾರು 2,400 ಕಿಲೋಮೀಟರು, ರಸ್ತೆಯ ದಾರಿ 2,100ಕ್ಕೂ ಮಿಕ್ಕಿ, ಆಕಾಶದ ನೇರ ದಾರಿ ಸುಮಾರು 1,700. ದೂರದ ವಿಷಯವೇ ಹೀಗಿರುವಲ್ಲಿ, ಹೊತ್ತಿನ ವಿಷಯ ಇನ್ನೂ ತೊಡಕಿನದು. ವಿಮಾನದಲ್ಲಿ ಎರಡೂಮುಕ್ಕಾಲು ಗಂಟೆಯ ಪ್ರಯಾಣವೆಂದು ಟಿಕೆಟು ಹೇಳುತ್ತದೆ. ಆದರೆ ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟವರು ದೆಹಲಿಯ ನೆಂಟರ ಮನೆಯಲ್ಲಿ ಕೈಕಾಲು ತೊಳೆಯುವಾಗ ಮಧ್ಯಾಹ್ನದ ಊಟದ ವೇಳೆಯೂ ಮೀರಿರುತ್ತದೆ. ನಡುವಿನ ಗಂಟೆಗಳೆಲ್ಲ ಎಲ್ಲಿ ಹೋದವು? ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಉಪಯುಕ್ತ. ಆತುರದ ಕಾಲದಲ್ಲಿ ಯಾವ ದಾರಿಯನ್ನು ಹಿಡಿಯಬೇಕೆಂಬ ನಿರ್ಧಾರಕ್ಕೆ ಈ ಲೆಕ್ಕವೇ ಆಧಾರ.

ಮೊದಲು ದೂರವನ್ನು ತೆಗೆದುಕೊಳ್ಳೋಣ. ಮನೆಯಲ್ಲಿ ಮಕ್ಕಳ ಭೂಪಟದ ಪುಸ್ತಕವಿದ್ದರೆ ತೆರೆದು ನೋಡಿ. ಬೆಂಗಳೂರೂ ದೆಹಲಿಯೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ, ಎಂದರೆ 77 ಡಿಗ್ರಿಯ ಗೆರೆಯ ಬಳಿಯಲ್ಲಿವೆ. ಎರಡೂ ಊರುಗಳಲ್ಲಿ ಸೂರ್ಯನು ನೆತ್ತಿಯ ಗೆರೆಗೆ ಬರುವ ಹೊತ್ತಿನಲ್ಲಿ ಎರಡು ಮಿನಿಟುಗಳಷ್ಟೂ ಅಂತರವಿಲ್ಲ. ಆದುದರಿಂದ ಬೆಂಗಳೂರಿನಿಂದ ದೆಹಲಿಗೆ ಹೋಗುವುದೆಂದರೆ ನೇರವಾಗಿ ಉತ್ತರ ದಿಕ್ಕಿಗೆ ಹೋಗುವುದೆಂದೇ ಅರ್ಥ. ದೇವನಹಳ್ಳಿಯ ಬಳಿಯ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ದೆಹಲಿಯ ಪಾಲಂನ ನಿಲ್ದಾಣ ಸುಮಾರು 28.56 ಡಿಗ್ರಿಯಲ್ಲಿದೆ. ವ್ಯತ್ಯಾಸ 15.36 ಡಿಗ್ರಿ.

ಇಲ್ಲಿ ನಾವಿಕರ ಮತ್ತು ವೈಮಾನಿಕರ ಒಂದು ಸುಲಭ ಅಳತೆ ನೆರವಿಗೆ ಬರುತ್ತದೆ. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನಾಟಿಕಲ್ ಮೈಲಿ ಎಂದು ಹೆಸರು. ಅದು 1.852 ಕಿಲೋಮೀಟರಿಗೆ ಸಮ. ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗವೇ ಒಂದು ನಾಟ್. 15.36ನ್ನು 60ರಿಂದ ಗುಣಿಸಿದರೆ ಸುಮಾರು 921 ನಾಟಿಕಲ್ ಮೈಲಿ, ಅದನ್ನು 1.852ರಿಂದ ಗುಣಿಸಿದರೆ ಸುಮಾರು 1,700 ಕಿಲೋಮೀಟರು. ಪೂರ್ವ ಪಶ್ಚಿಮವಾಗಿ ಇರುವ ಅರವತ್ತು ಚಿಲ್ಲರೆ ಕಿಲೋಮೀಟರಿನ ಓರೆಯಿಂದ ಈ ಮೊತ್ತಕ್ಕೆ ಸೇರುವುದು ಒಂದು ಕಿಲೋಮೀಟರು ಮಾತ್ರ. ಹೀಗೆ ಮೂರನೆಯ ತರಗತಿಯ ಗುಣಾಕಾರದಿಂದಲೇ ದೇಶದ ಎರಡು ದೊಡ್ಡ ನಗರಗಳ ನಡುವಣ ವಾಯುದೂರವನ್ನು ಮನೆಯಲ್ಲಿ ಕುಳಿತು ಕಂಡುಕೊಳ್ಳಬಹುದು.

ರೈಲು ಹೀಗೆ ಹೋಗಲಾರದು. ಕರ್ನಾಟಕ ಎಕ್ಸ್‌ಪ್ರೆಸ್ಸು ಗುಂತಕಲ್ಲು, ವಾಡಿ, ಸೊಲ್ಲಾಪುರ, ಮನ್ಮಾಡು, ಭೂಪಾಲಗಳನ್ನು ಮುಟ್ಟಿಕೊಂಡು, ಪಶ್ಚಿಮಕ್ಕೆ ಒಂದು ದೊಡ್ಡ ಸುತ್ತು ಹಾಕಿ ಉತ್ತರಕ್ಕೆ ಏರುತ್ತದೆ. ನದಿಗೆ ಸೇತುವೆ ಇರುವ ಕಡೆ, ಬೆಟ್ಟಕ್ಕೆ ಸಂದು ಇರುವ ಕಡೆ, ಜನ ಮತ್ತು ಸರಕು ಇರುವ ಕಡೆ ಹಳಿಗಳು ಬಾಗುತ್ತವೆ. ಆ ಏಳುನೂರು ಕಿಲೋಮೀಟರಿನ ಹೆಚ್ಚುವರಿ ದಾರಿಯಲ್ಲಿ ಎಷ್ಟೋ ಊರುಗಳ ಬದುಕು ಅಡಗಿದೆ. ಪ್ರಯಾಣಕ್ಕೆ ಒಂದೂವರೆ ದಿನಕ್ಕೂ ಮಿಕ್ಕಿ ಹಿಡಿಯುತ್ತದೆ.

ಇನ್ನು ವೇಗ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದ ಆಕಾಶದಲ್ಲಿ ಹೆಚ್ಚಾಗಿ ಹಾರುತ್ತಿದ್ದುದು ಡಕೋಟಾ ವಿಮಾನ. ಅದರ ವೇಗ ಗಂಟೆಗೆ ಸುಮಾರು 300 ಕಿಲೋಮೀಟರು. 1949ರಲ್ಲಿ ಆರಂಭವಾದ ರಾತ್ರಿಯ ವಿಮಾನ ಅಂಚೆಯನ್ನು ಹಿರಿಯರು ನೆನೆಯಬಹುದು. ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು ಈ ನಾಲ್ಕು ಊರುಗಳಿಂದ ರಾತ್ರಿ ಹೊರಟ ವಿಮಾನಗಳು ದೇಶದ ನಡುಮಧ್ಯದ ನಾಗಪುರದಲ್ಲಿ ಕೂಡಿ, ಅಂಚೆಯ ಚೀಲಗಳನ್ನೂ ಪ್ರಯಾಣಿಕರನ್ನೂ ಅದಲುಬದಲು ಮಾಡಿಕೊಂಡು, ಬೆಳಗಾಗುವ ಹೊತ್ತಿಗೆ ತಮ್ಮ ತಮ್ಮ ಊರುಗಳಿಗೆ ಮರಳುತ್ತಿದ್ದವು. 1953ರಲ್ಲಿ ವಿಮಾನ ಸಂಸ್ಥೆಗಳ ರಾಷ್ಟ್ರೀಕರಣವಾಯಿತು. 1957ರಲ್ಲಿ ಇಂಡಿಯನ್ ಏರ್‌ಲೈನ್ಸಿಗೆ ವೈಕೌಂಟ್ ವಿಮಾನಗಳು ಬಂದು ವೇಗ ಗಂಟೆಗೆ 500 ಕಿಲೋಮೀಟರನ್ನು ದಾಟಿತು. 1964ರಲ್ಲಿ ಕ್ಯಾರವೆಲ್ ಜೆಟ್ ಬಂದಾಗ ಅದು 800ರ ಹತ್ತಿರಕ್ಕೆ ಏರಿತು. ಸ್ವಾರಸ್ಯವಾದ ಸಂಗತಿಯೆಂದರೆ ಅಲ್ಲಿಂದ ಈಚೆಗೆ ಪ್ರಯಾಣಿಕ ವಿಮಾನದ ವೇಗ ಹೆಚ್ಚು ಏರಿಯೇ ಇಲ್ಲ. ಇಂದು ದೆಹಲಿಗೆ ಹಾರುವ ಜೆಟ್ ವಿಮಾನವೂ ಹತ್ತು ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿಲೋಮೀಟರಿನಂತೆ ಸಾಗುತ್ತದೆ. ಶಬ್ದದ ವೇಗವನ್ನು ಸಮೀಪಿಸಿದಂತೆಲ್ಲ ಗಾಳಿಯ ತಡೆ ಥಟ್ಟನೆ ಹೆಚ್ಚಿ ಇಂಧನದ ಖರ್ಚು ಏರುವುದರಿಂದ, ಅದಕ್ಕೆ ಸ್ವಲ್ಪ ಕೆಳಗೇ ನಿಲ್ಲುವುದು ಲಾಭಕರ.

1,700 ಕಿಲೋಮೀಟರನ್ನು 830ರಿಂದ ಭಾಗಿಸಿದರೆ ಎರಡು ಗಂಟೆ ಮೂರು ಮಿನಿಟು. ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಎರಡೂಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಹೆಚ್ಚು. ಏಕೆಂದರೆ ವೇಳಾಪಟ್ಟಿ ಹೇಳುವುದು ಬರಿಯ ಹಾರಾಟದ ಹೊತ್ತನ್ನಲ್ಲ. ನಿಂತ ವಿಮಾನದ ಗಾಲಿಗಳಿಗೆ ಇಟ್ಟ ಅಡ್ಡೆಯನ್ನು ಇಲ್ಲಿ ತೆಗೆದ ಕ್ಷಣದಿಂದ, ಅಲ್ಲಿ ಮತ್ತೆ ಅಡ್ಡೆ ಇಟ್ಟ ಕ್ಷಣದವರೆಗಿನ ಕಾಲವನ್ನು ಅದು ಎಣಿಸುತ್ತದೆ. ವಿಮಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ಸ್ಥಳದಿಂದ ಓಡುದಾರಿಯ ತುದಿಗೆ ತೆವಳಿಕೊಂಡು ಹೋಗುವುದು, ಮುಂದಿನ ವಿಮಾನಗಳು ಏರುವ ತನಕ ಸಾಲಿನಲ್ಲಿ ಕಾಯುವುದು, ಏರುವಾಗ ಕಡಿಮೆ ವೇಗದಲ್ಲಿ ಕಳೆಯುವ ಇಪ್ಪತ್ತು ಮಿನಿಟು, ಇಳಿಯುವಾಗ ನಿಧಾನವಾಗಿ ಕಳೆಯುವ ಅರ್ಧ ಗಂಟೆ, ಇಳಿದ ಮೇಲೆ ಮತ್ತೆ ನೆಲದ ಮೇಲಿನ ಓಟ, ಇವೆಲ್ಲ ಅದರಲ್ಲಿ ಸೇರುತ್ತವೆ. ಆಕಾಶದಲ್ಲಿಯೂ ಗೊತ್ತಾದ ಮಾರ್ಗಗಳಿವೆ. ನಿಯಂತ್ರಣ ಕೇಂದ್ರದವರು ಹೇಳಿದ ಕಡೆ ತಿರುಗಬೇಕು. ಇಷ್ಟರ ಮೇಲೆ, ಸಣ್ಣಪುಟ್ಟ ತಡಕ್ಕೆಂದು ಸಂಸ್ಥೆಗಳು ಕೆಲವು ಮಿನಿಟುಗಳನ್ನು ಮುಂಗಡವಾಗಿಯೇ ಸೇರಿಸಿರುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಹತ್ತೇ ಮಿನಿಟು ತಡವಾಗಿ ಮುಟ್ಟಿತೆಂದರೆ ಅದಕ್ಕೆ ಈ ಗಂಟಿನಲ್ಲಿದ್ದ ಮಿನಿಟುಗಳೂ ಕಾರಣವಾಗಿರಬಹುದು.

ಗಾಳಿಯ ಪಾಲೂ ಉಂಟು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಬಹು ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಅದರ ವೇಗ ಗಂಟೆಗೆ 150 ಕಿಲೋಮೀಟರನ್ನು ಮೀರುವುದು ಅಪರೂಪವಲ್ಲ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಅಂಬಿಗನು ಎದುರು ದಡದ ಗುಡಿಯನ್ನು ಮುಟ್ಟಬೇಕಾದರೆ ಗುಡಿಗಿಂತ ಸ್ವಲ್ಪ ಮೇಲಕ್ಕೆ ಗುರಿಯಿಟ್ಟು ಹುಟ್ಟು ಹಾಕುತ್ತಾನೆ. ಸೆಳವು ಅವನನ್ನು ಗುಡಿಯ ಬಳಿಗೆ ತಂದು ಬಿಡುತ್ತದೆ. ದೆಹಲಿಗೆ ಹೋಗುವ ಪೈಲಟನೂ ವಿಮಾನದ ಮೂತಿಯನ್ನು ಸ್ವಲ್ಪ ಪಶ್ಚಿಮಕ್ಕೆ ಹೊರಳಿಸಿಕೊಂಡೇ ಉತ್ತರಕ್ಕೆ ಸಾಗುತ್ತಾನೆ. ಗಾಳಿ ಅಡ್ಡಲಾಗಿ ಬೀಸುವುದರಿಂದ ನಷ್ಟ ಅಲ್ಪ. 830ರ ವೇಗದ ವಿಮಾನಕ್ಕೆ 150ರ ಅಡ್ಡಗಾಳಿ ಬಡಿದರೆ ಮುಂದಕ್ಕೆ ಸಾಗುವ ವೇಗ ಸುಮಾರು 816ಕ್ಕೆ ಇಳಿಯುತ್ತದೆ, ಅಷ್ಟೆ. ಗಾಳಿ ಎದುರಿಗೋ ಬೆನ್ನಿಗೋ ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,000 ಕಿಲೋಮೀಟರು. 850ರ ವೇಗದ ವಿಮಾನಕ್ಕೆ ದಾರಿಯುದ್ದಕ್ಕೂ 50ರ ಎದುರುಗಾಳಿ ಇತ್ತೆಂದುಕೊಳ್ಳಿ; ಹತ್ತು ಗಂಟೆ ಬೇಕು. ಅದೇ ಗಾಳಿ ಬರುವಾಗ ಬೆನ್ನಿಗಿದ್ದರೆ ಒಂಬತ್ತು ಗಂಟೆಯೊಳಗೆ ಮುಗಿಯುತ್ತದೆ. ಪಶ್ಚಿಮಕ್ಕೆ ಹೋಗುವ ಹಾರಾಟ ಉದ್ದ, ಮರಳುವ ಹಾರಾಟ ಗಿಡ್ಡ ಎಂಬುದರ ಗುಟ್ಟು ಇದೇ.

ಇಷ್ಟೂ ಆಕಾಶದ ಲೆಕ್ಕ. ಈಗ ನೆಲಕ್ಕೆ ಇಳಿಯೋಣ. ಕಾಮಾಕ್ಷಿಪಾಳ್ಯ ಇರುವುದು ನಗರದ ಪಶ್ಚಿಮಕ್ಕೆ, ಮಾಗಡಿ ರಸ್ತೆಯಲ್ಲಿ. ಸಣ್ಣ ಕಾರ್ಖಾನೆಗಳೂ ಲೇತ್ ಯಂತ್ರಗಳೂ ತುಂಬಿದ ಈ ಬಡಾವಣೆಯಿಂದ ವ್ಯಾಪಾರಕ್ಕಾಗಿ ಉತ್ತರ ದೇಶಕ್ಕೆ ಹೋಗಿಬರುವವರು ಉಂಟು. ಅಲ್ಲಿ ಕೆಲಸದಲ್ಲಿರುವ ಮಕ್ಕಳನ್ನು ನೋಡಲು ಹೋಗುವವರೂ ಉಂಟು. 2008ರ ಮೇ ತಿಂಗಳವರೆಗೆ ಅವರು ಹತ್ತುತ್ತಿದ್ದುದು ಎಚ್.ಎ.ಎಲ್. ನಿಲ್ದಾಣದಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆಯ ಜೊತೆಗೆ ಬೆಳೆದ ನಿಲ್ದಾಣವದು. ಕಾಮಾಕ್ಷಿಪಾಳ್ಯದಿಂದ ಅಲ್ಲಿಗೆ ಕಾಗೆ ಹಾರಿದಂತೆ ಸುಮಾರು 15 ಕಿಲೋಮೀಟರು. 2008ರ ಮೇ 24ರಂದು ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ತೆರೆಯಿತು. ಮುಂದೆ 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂದಿತು. ಅಲ್ಲಿಗೆ ಕಾಗೆಯ ದಾರಿಯೇ 31 ಕಿಲೋಮೀಟರು. ರಸ್ತೆಯ ದಾರಿ ಸುಮಾರು 40. ವಿಮಾನದ ವೇಗ ಕಿಂಚಿತ್ತೂ ಕಡಿಮೆಯಾಗಲಿಲ್ಲ, ದೆಹಲಿ ಹಿಂದಕ್ಕೆ ಸರಿಯಲಿಲ್ಲ. ಆದರೂ ಒಂದು ದಿನ ಬೆಳಗಾಗುವುದರೊಳಗೆ ಪಶ್ಚಿಮ ಬೆಂಗಳೂರಿನವರಿಗೆ ದೆಹಲಿಯ ಪ್ರಯಾಣ ಉದ್ದವಾಯಿತು.

ಬೆಳಿಗ್ಗೆ ಹತ್ತು ಗಂಟೆಯ ವಿಮಾನವೆಂದು ಇಟ್ಟುಕೊಳ್ಳಿ. ಬಸ್ಸಿನಲ್ಲಾಗಲಿ ಟ್ಯಾಕ್ಸಿಯಲ್ಲಾಗಲಿ ನಲವತ್ತು ಕಿಲೋಮೀಟರಿಗೆ ನಸುಕಿನಲ್ಲಿ ಒಂದೂಕಾಲು ಗಂಟೆ, ಕಚೇರಿಯ ವೇಳೆಯಲ್ಲಿ ಎರಡು ಗಂಟೆ ಅಥವಾ ಅದಕ್ಕೂ ಮೇಲೆ. ಸಾಮಾನು ಒಪ್ಪಿಸುವ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ತಪಾಸಣೆಯ ಸಾಲನ್ನೂ ಎಣಿಸಿಕೊಂಡು, ಎಂಟು ಗಂಟೆಗೆ ಅಲ್ಲಿರಬೇಕು. ಎಂದರೆ ಮನೆ ಬಿಡುವುದು ಆರೂವರೆಗೆ. ದೆಹಲಿಯಲ್ಲಿ ಒಂದು ಗಂಟೆಗೆ ಸ್ವಲ್ಪ ಮೊದಲು ವಿಮಾನ ನಿಂತರೂ ಸಾಮಾನು ಬಂದು, ಮೆಟ್ರೋ ರೈಲನ್ನೋ ಟ್ಯಾಕ್ಸಿಯನ್ನೋ ಹಿಡಿದು ಮನೆ ಮುಟ್ಟುವಾಗ ಎರಡೂವರೆ. ಒಟ್ಟು ಎಂಟು ಗಂಟೆ. 1,700 ಕಿಲೋಮೀಟರನ್ನು ಎಂಟರಿಂದ ಭಾಗಿಸಿದರೆ ಗಂಟೆಗೆ ಸುಮಾರು 210 ಕಿಲೋಮೀಟರು. ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿದಾಗ ಇಂದಿನ ಜೆಟ್ ಪ್ರಯಾಣಿಕನ ವೇಗ ಅಂದಿನ ಡಕೋಟಾದ ಹಾರಾಟದ ವೇಗಕ್ಕಿಂತಲೂ ಕಡಿಮೆ! ಆದರೂ ರೈಲಿನ ಒಂದೂವರೆ ದಿನದ ಮುಂದೆ ಇದು ದೊಡ್ಡ ಲಾಭವೇ ಸರಿ.

ಲಾಭವು ಪ್ರಶ್ನೆಯಾಗುವುದು ಹತ್ತಿರದ ಊರುಗಳಿಗೆ. ಮಂಗಳೂರನ್ನೇ ನೋಡಿ. ಕಾಮಾಕ್ಷಿಪಾಳ್ಯದಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 285 ಕಿಲೋಮೀಟರು. ದೇವನಹಳ್ಳಿಯ ನಿಲ್ದಾಣದಿಂದ ಅದೇ ದೂರ ಸುಮಾರು 305. ಎಂದರೆ ಮಂಗಳೂರಿಗೆ ಹಾರುವ ಸಲುವಾಗಿ ನಾವು ಮೊದಲು ಊರನ್ನು ದಾಟಿ, ಮಂಗಳೂರಿನಿಂದ ಇಪ್ಪತ್ತು ಕಿಲೋಮೀಟರು ದೂರಕ್ಕೆ ಹೋಗಿ ಅಲ್ಲಿ ಕಾಯಬೇಕು. ಹಾರಾಟ ಸುಮಾರು ಒಂದು ಗಂಟೆ. ಮನೆಯಿಂದ ನಿಲ್ದಾಣಕ್ಕೆ ಒಂದೂವರೆ, ಅಲ್ಲಿ ಒಂದೂವರೆ, ಹಾರಾಟ ಒಂದು, ಸಾಮಾನಿಗೆ ಅರ್ಧ, ಬಜ್ಪೆಯ ಗುಡ್ಡ ಇಳಿದು ಊರು ಸೇರಲು ಮುಕ್ಕಾಲು. ಒಟ್ಟು ಐದೂಕಾಲು ಗಂಟೆ. ರಸ್ತೆಯಲ್ಲಾದರೆ ನೆಲಮಂಗಲ, ಕುಣಿಗಲ್ಲು, ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಸುಮಾರು 350 ಕಿಲೋಮೀಟರು, ಏಳೆಂಟು ಗಂಟೆ. ಉಳಿತಾಯ ಎರಡು ಎರಡೂವರೆ ಗಂಟೆ ಮಾತ್ರ. ಆ ಎರಡು ಗಂಟೆಗೆ ಎಷ್ಟು ಹಣ ಕೊಡಬಹುದೆಂಬುದು ಅವರವರ ಮನೆಯ ಮಾತು.

ಆದರೆ ಎಲ್ಲ ಪ್ರಯಾಣವೂ ಸುಖದ ಪ್ರಯಾಣವಲ್ಲ. ರಾತ್ರಿ ಒಂಬತ್ತು ಗಂಟೆಗೆ ಮಂಗಳೂರಿನಿಂದ ಫೋನು ಬರುತ್ತದೆ. ಹಿರಿಯರೊಬ್ಬರನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಕೂಡಲೆ ಬನ್ನಿ ಎಂದು. ಮನಸ್ಸು ಮೊದಲು ಓಡುವುದು ವಿಮಾನದ ಕಡೆಗೆ, ಏಕೆಂದರೆ ಅದೇ ವೇಗದ ವಾಹನ. ಇಲ್ಲಿಯೇ ಲೆಕ್ಕ ಬೇಕು. ಆ ಹೊತ್ತಿಗೆ ಅಂದಿನ ಕೊನೆಯ ವಿಮಾನ ಹೋಗಿದ್ದು, ಮರುದಿನದ ಮೊದಲ ವಿಮಾನ ಬೆಳಿಗ್ಗೆ ಎಂಟಕ್ಕಿದ್ದರೆ, ಅದರಲ್ಲಿ ಹೋದವರು ಆಸ್ಪತ್ರೆಯ ಬಾಗಿಲಿಗೆ ಬರುವುದು ಹತ್ತು ಗಂಟೆಯ ಮೇಲೆ. ರಾತ್ರಿ ಹತ್ತರ ಬಸ್ಸು ಹತ್ತಿದವರು ಬೆಳಿಗ್ಗೆ ಆರಕ್ಕೆ ಹಿರಿಯರ ಹಾಸಿಗೆಯ ಬಳಿ ಇರುತ್ತಾರೆ. ನಿಧಾನದ ವಾಹನ ನಾಲ್ಕು ಗಂಟೆ ಮೊದಲು ಮುಟ್ಟಿಸಿತು. ವಾಹನದ ವೇಗ ಬೇರೆ, ಮನುಷ್ಯ ಮುಟ್ಟುವ ಹೊತ್ತು ಬೇರೆ. ಮುಂದಿನ ವಾಹನ ಎಷ್ಟು ಹೊತ್ತಿಗೆ ಹೊರಡುತ್ತದೆಂಬುದೇ ಇಂಥ ಸಮಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

ಮಳೆಗಾಲದಲ್ಲಿ ಈ ಲೆಕ್ಕ ತಿರುಗುಮುರುಗಾಗುವುದೂ ಉಂಟು. 2018ರ ಆಗಸ್ಟಿನ ಭಾರಿ ಮಳೆಯಲ್ಲಿ ಗುಡ್ಡ ಕುಸಿದು ಶಿರಾಡಿಯ ರಸ್ತೆಯೂ, ಐವತ್ತೇಳು ಸುರಂಗಗಳುಳ್ಳ ಸಕಲೇಶಪುರ ಸುಬ್ರಹ್ಮಣ್ಯದ ರೈಲುದಾರಿಯೂ ಕಟ್ಟಿಹೋದವು. ಅಂಥ ದಿನಗಳಲ್ಲಿ 305 ಕಿಲೋಮೀಟರಿನ ಆಕಾಶದ ದಾರಿಗೆ ಬೇರೆಯೇ ಬೆಲೆ ಬರುತ್ತದೆ.

ಆದರೆ ಆಕಾಶಕ್ಕೂ ಮಳೆಯುಂಟು, ಮಂಜುಂಟು. ಬಜ್ಪೆಯ ಓಡುದಾರಿ ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ಕಟ್ಟಿದ್ದು, ಸುತ್ತಲೂ ಕಣಿವೆ. 1951ರ ಡಿಸೆಂಬರ್ 25ರಂದು ಜವಾಹರಲಾಲ ನೆಹರೂ ಅವರು ಡಕೋಟಾದಲ್ಲಿ ಬಂದಿಳಿದಾಗ ಆರಂಭವಾದ ನಿಲ್ದಾಣವದು. ಅಲ್ಲಿ ಮೋಡ ಕವಿದಾಗ ವಿಮಾನವು ಇಳಿಯದೆ ಸುತ್ತು ಹಾಕಬಹುದು, ಬೆಂಗಳೂರಿಗೇ ಮರಳಲೂಬಹುದು. ಡಿಸೆಂಬರ್ ಜನವರಿಯಲ್ಲಿ ದೆಹಲಿಯ ಮಂಜೂ ಹೀಗೆಯೇ. ಒಳಗೆ ಕುಳಿತವರಿಗೆ ಬೇಸರವಾಗುವುದು ಸಹಜ. ಆದರೆ 2010ರ ಮೇ 22ರ ಬೆಳಿಗ್ಗೆಯನ್ನು ಮರೆಯಬಾರದು. ಅಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಎಂಟು ಮಂದಿ ಉಳಿದರು. ಇಳಿಯುವ ಓಟ ಸರಿಯಾಗಿಲ್ಲ, ಮೇಲೇರಿ ಮತ್ತೊಮ್ಮೆ ಬರೋಣವೆಂದು ಸಹಪೈಲಟನು ಹೇಳಿದ್ದರೂ ಮುಖ್ಯ ಪೈಲಟನು ಇಳಿಸುವುದನ್ನು ಬಿಡಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಮೇಲೇರಿ ಸುತ್ತಿ ಬರಲು ಹಿಡಿಯುತ್ತಿದ್ದುದು ಕೆಲವೇ ಮಿನಿಟು. ಪ್ರತಿಯೊಂದು ಜೆಟ್ ವಿಮಾನವೂ ಮತ್ತೊಂದು ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಅರ್ಧ ಗಂಟೆ ಹಾರುವಷ್ಟು ಹೆಚ್ಚು ಇಂಧನವನ್ನು ಹೊತ್ತಿರಬೇಕೆಂಬ ನಿಯಮವಿರುವುದು ಪೈಲಟನು ಅವಸರಪಡದಿರಲೆಂದೇ. ಆದುದರಿಂದ, ಮುಟ್ಟಿದ ಮೇಲೆ ಮಾಡಬೇಕಾದ ಮುಖ್ಯ ಕೆಲಸಕ್ಕೂ ವೇಳಾಪಟ್ಟಿಯ ಹೊತ್ತಿಗೂ ನಡುವೆ ನಾವು ಕೂಡ ಎರಡು ಗಂಟೆಯ ಅಂತರವಿಟ್ಟುಕೊಳ್ಳುವುದು ವಿವೇಕ.

ಕೊನೆಗೆ, ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗಾಗಿ ಒಂದು ಮಾತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರು. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಈ ದಾರಿ ಚೀನ, ಜಪಾನು, ಶಾಂತಸಾಗರಗಳನ್ನು ಅಡ್ಡ ದಾಟುವಂತೆ ಕಾಣುತ್ತದೆ. ಗ್ಲೋಬಿನ ಮೇಲೆ ಎರಡು ಊರುಗಳಿಗೂ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ಮೇಲಕ್ಕೆ ಸರಿದು ಉತ್ತರ ಧ್ರುವದ ಕಡೆಯ ಹಿಮಪ್ರದೇಶವನ್ನು ಹಾಯುತ್ತದೆ. ದುಂಡಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದಾಗ ನೇರ ಗೆರೆ ಸೊಟ್ಟಾಗಿ, ಸೊಟ್ಟ ಗೆರೆ ನೇರವಾಗಿ ಕಾಣುವುದರ ಫಲವಿದು. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ, ಕ್ಯಾಪ್ಟನ್ ಜೋಯಾ ಅಗರ್‌ವಾಲರ ನೇತೃತ್ವದಲ್ಲಿ, ಮಹಿಳೆಯರೇ ನಡೆಸಿದ ವಿಮಾನವಾಗಿ, ಉತ್ತರ ಧ್ರುವದ ಮೇಲಿನಿಂದ ಹಾದು, ಎಲ್ಲಿಯೂ ನಿಲ್ಲದೆ ಸುಮಾರು ಹದಿನೇಳು ಗಂಟೆಗಳಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಇಲ್ಲಿ ಅದು ಇಳಿದಾಗ ಜನವರಿ 11, ಸೋಮವಾರದ ಮುಂಜಾನೆ. ಹದಿನೇಳು ಗಂಟೆಯ ಪ್ರಯಾಣದಲ್ಲಿ ಭಾನುವಾರವೆಲ್ಲ ಮಾಯವಾದುದಕ್ಕೆ ಕಾರಣ, ಟಿಕೆಟ್ಟಿನ ಮೇಲೆ ಬರೆಯುವ ಎರಡು ವೇಳೆಗಳೂ ಆಯಾ ಊರಿನ ಗಡಿಯಾರದವು ಎಂಬುದು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಗೆಯಲ್ಲಿ ಹನ್ನೆರಡೂವರೆ. ಮಗಳು ಶನಿವಾರ ಹೊರಟಳೆಂದು ಭಾನುವಾರ ಬೆಳಿಗ್ಗೆಯೇ ನಿಲ್ದಾಣಕ್ಕೆ ಹೋಗಿ ಕಾಯದಿರಲು ಇಷ್ಟು ತಿಳಿದಿದ್ದರೆ ಸಾಕು.

ಒಟ್ಟಿನಲ್ಲಿ ಪ್ರಯಾಣದ ಹೊತ್ತನ್ನು ಅರಿಯಬೇಕಾದರೆ ಐದು ಅಂಕಿಗಳನ್ನು ಕೂಡಿಸಬೇಕು: ಮುಂದಿನ ವಾಹನ ಹೊರಡಲು ಇರುವ ಕಾಲ, ಅದಕ್ಕೆ ಮುಂಚೆ ಅಲ್ಲಿರಬೇಕಾದ ಕಾಲ, ಮನೆಯಿಂದ ಅಲ್ಲಿಗೆ ಹೋಗುವ ಕಾಲ, ವೇಳಾಪಟ್ಟಿಯ ಕಾಲ, ಇಳಿದ ಮೇಲೆ ಬಾಗಿಲು ಮುಟ್ಟುವ ಕಾಲ. ಮೊದಲನೆಯದರೊಳಗೆ ಎರಡನೆಯದೂ ಮೂರನೆಯದೂ ಹಿಡಿಸಿದರೆ ಅವನ್ನು ಬೇರೆಯಾಗಿ ಕೂಡಿಸಬೇಕಾಗಿಲ್ಲ. ಹಿಡಿಸದಿದ್ದರೆ ಆ ವಾಹನವನ್ನು ಬಿಟ್ಟು ಅದರ ಮುಂದಿನದನ್ನು ಎಣಿಸಬೇಕು. ಪಂಚಾಂಗದ ಪಕ್ಕದಲ್ಲಿ, ಒಂದು ಚೀಟಿಯ ಮೇಲೆ, ತಮ್ಮವರಿರುವ ಎರಡು ಮೂರು ಊರುಗಳಿಗೆ ಈ ಅಂಕಿಗಳನ್ನೂ, ಕೊನೆಯ ಬಸ್ಸು, ರೈಲು, ವಿಮಾನಗಳ ವೇಳೆಯನ್ನೂ ಬರೆದಿಟ್ಟುಕೊಂಡು, ಆಗಾಗ ತಿದ್ದುತ್ತಿದ್ದರೆ ಒಳ್ಳೆಯದು. ರಾತ್ರಿಯ ಫೋನು ಬಂದಾಗ ಲೆಕ್ಕ ಮಾಡುವಷ್ಟು ಸಮಾಧಾನ ಯಾರಿಗೂ ಇರುವುದಿಲ್ಲ.